ಬಟ್ಟಲಡಿಯ ಬಿಲ್ಲೆಯೂ ಪಿಲ್ಸೆನ್ ಪಟ್ಟಣದ ಹೆಸರೂ

೧

ಚರಿತ್ರೆಯ ಸಾಮಗ್ರಿಯೆಂದರೆ ಶಿಲಾಶಾಸನ, ತಾಮ್ರಪಟ, ನಾಣ್ಯ, ಓಲೆಯ ಕಟ್ಟು ಇವಿಷ್ಟೇ ಎಂಬ ಭಾವನೆಯು ವಿದ್ಯಾವಂತರಲ್ಲಿ ಬಹುಕಾಲದಿಂದ ಬೇರೂರಿರುವುದು. ಇವೆಲ್ಲವೂ ಆಚಂದ್ರಾರ್ಕವಾಗಿ ನಿಲ್ಲಬೇಕೆಂಬ ಸಂಕಲ್ಪದಿಂದ ಹುಟ್ಟಿದುವು. ಆದುದರಿಂದ ಬರೆಯಿಸಿದವನು ಲೋಕಕ್ಕೆ ತಿಳಿಯಬೇಕಾದುದನ್ನು ಬರೆಯಿಸಿ, ತಿಳಿಯಬಾರದುದನ್ನು ಬಿಟ್ಟಿರುವನು. ಇವುಗಳಲ್ಲದೆ, ಒಂದು ಸಂಜೆಯ ಬಳಕೆ ಮುಗಿದೊಡನೆ ಕಸದ ಬುಟ್ಟಿಗೆ ಸೇರಲೆಂದೇ ಹುಟ್ಟುವ ವಸ್ತುಗಳೂ ಲೋಕದಲ್ಲಿ ಅಸಂಖ್ಯವಾಗಿವೆ. ಇವುಗಳಿಗೆ ಕೀರ್ತಿಯ ಆಸೆಯಿಲ್ಲ. ಮುಂದಿನ ತಲೆಮಾರಿನ ಭಯವೂ ಇಲ್ಲ. ಆದಕಾರಣವೇ ಇವು ನುಡಿಯುವ ಸಾಕ್ಷ್ಯಕ್ಕೆ ಒಂದು ಪ್ರತ್ಯೇಕವಾದ ಬೆಲೆಯುಂಟು.

ಯುರೋಪಿನ ಪಾನಗೃಹಗಳಲ್ಲಿ ಬಿಯರ್ ತುಂಬಿದ ಬಟ್ಟಲಿನ ಅಡಿಗೆ ಇಡುವ ರಟ್ಟಿನ ಬಿಲ್ಲೆಯು ಇಂತಹ ವಸ್ತುಗಳಲ್ಲೊಂದು. ಅಂಗೈಯಷ್ಟು ಅಗಲ, ನಾಣ್ಯದಷ್ಟು ದಪ್ಪ. ಬಟ್ಟಲಿನ ಹೊರಮೈಯಿಂದ ಇಳಿಯುವ ನೀರನ್ನೂ ಚೆಲ್ಲಿದ ನೊರೆಯನ್ನೂ ಹೀರಿ ಮೇಜನ್ನು ಕಾಪಾಡುವುದು ಅದರ ಕೆಲಸ. ಅದರ ಮುಖದ ಮೇಲೆ ಬಿಯರ್ ಕಾರ್ಖಾನೆಯ ಹೆಸರು, ಲಾಂಛನ, ಸ್ಥಾಪನೆಯ ವರ್ಷ ಇವು ಅಚ್ಚಾಗಿರುತ್ತವೆ. ಕುಡಿದವನು ಎದ್ದುಹೋದ ಬಳಿಕ ಅದನ್ನು ಯಾರೂ ನೆನೆಯರು. ಆದರೂ ಅಂತಹ ಹಳೆಯ ಬಿಲ್ಲೆಗಳನ್ನು ಶ್ರದ್ಧೆಯಿಂದ ಕೂಡಿಸಿ, ಕಾಲಾನುಕ್ರಮದಲ್ಲಿ ಜೋಡಿಸಿ ಓದುವ ಜನರು ಪಶ್ಚಿಮ ದೇಶಗಳಲ್ಲಿ ಸಾವಿರಾರು ಮಂದಿ ಇರುವರು.

ಈ ಬಿಲ್ಲೆಯ ಚರಿತ್ರೆಯನ್ನೂ, ಬೊಹೀಮಿಯ ಪ್ರಾಂತದ ಪಿಲ್ಸೆನ್ ಪಟ್ಟಣದ ಒಂದು ಬಿಯರ್ ಕಾರ್ಖಾನೆಯ ಚರಿತ್ರೆಯನ್ನೂ ಕೂಡಿಸಿ ನೋಡಿದರೆ, ಒಂದು ಊರು ತನ್ನ ಹೆಸರನ್ನು ಲೋಕದಲ್ಲೆಲ್ಲ ಹೇಗೆ ಹರಡಿತು, ಹರಡಿದ ಕಾರಣದಿಂದಲೇ ಅದನ್ನು ಹೇಗೆ ಕಳೆದುಕೊಂಡಿತು ಎಂಬ ವಿಚಿತ್ರ ವೃತ್ತಾಂತವು ಹೊರಪಡುತ್ತದೆ. ಮದ್ಯಪಾನದ ಗುಣದೋಷವಿಚಾರವು ಧರ್ಮಶಾಸ್ತ್ರಕ್ಕೂ ವೈದ್ಯಶಾಸ್ತ್ರಕ್ಕೂ ಸೇರಿದುದು. ಪ್ರಕೃತ ವಿಷಯವು ಚರಿತ್ರೆ ಮಾತ್ರ.

೨

ಜರ್ಮನ್ ಭಾಷೆಯಲ್ಲಿ ಈ ಬಿಲ್ಲೆಗೆ ‘ಬಿಯರ್‌ಡೆಕೆಲ್’ ಎಂದು ಹೆಸರು. ‘ಡೆಕೆಲ್’ ಎಂದರೆ ಮುಚ್ಚಳ. ಬವೇರಿಯದ ಜನರು ಅದನ್ನೇ ‘ಬಿಯರ್‌ಫಿಲ್ಟ್ಸ್’ ಎನ್ನುವರು. ‘ಫಿಲ್ಟ್ಸ್’ ಎಂದರೆ ನೇಯದೆ ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಬಟ್ಟೆ. ಬಟ್ಟಲಿನ ಕೆಳಗಿರುವುದಕ್ಕೆ ಮುಚ್ಚಳವೆಂದೂ, ಮರದ ತಿರುಳಿನಿಂದಾದುದಕ್ಕೆ ಉಣ್ಣೆಯೆಂದೂ ಹೆಸರು ಬಂದುದು ಹೇಗೆ? ವಸ್ತುವು ತನ್ನ ರೂಪವನ್ನೂ ಸ್ಥಾನವನ್ನೂ ಬದಲಾಯಿಸಿಕೊಂಡರೂ ಶಬ್ದವು ಅದರ ಪೂರ್ವಜನ್ಮವನ್ನು ಮರೆಯದಿರುವುದೇ ಇದಕ್ಕೆ ಕಾರಣ.

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಜನರು ಬೇಸಗೆಯ ದಿನಗಳಲ್ಲಿ ಮರಗಳ ನೆರಳಿನಲ್ಲಿ ಕುಳಿತು ಬಿಯರ್ ಕುಡಿಯುವುದು ವಾಡಿಕೆಯಾಗಿದ್ದಿತು. ಮೇಲಿನಿಂದ ಎಲೆಯೂ ಹುಳುವೂ ಬಟ್ಟಲಿಗೆ ಬೀಳದಂತೆ ತಡೆಯಬೇಕಾಗಿತ್ತು. ಸ್ಥಿತಿವಂತರ ಬಟ್ಟಲಿಗೆ ತವರದ ಮುಚ್ಚಳವು ಕೀಲಿನಿಂದ ಸೇರಿಕೊಂಡಿರುತ್ತಿತ್ತು. ಉಳಿದವರು ಉಣ್ಣೆಯ ಬಿಲ್ಲೆಯೊಂದನ್ನು ಬಟ್ಟಲಿನ ಮೇಲೆ ಇಟ್ಟುಕೊಳ್ಳುತ್ತಿದ್ದರು. ಕುಡಿಯುವಾಗ ಅದನ್ನು ತೆಗೆದು ಬಟ್ಟಲಿನ ಅಡಿಗೆ ಇಡುತ್ತಿದ್ದರು. ಹೀಗೆ ಮುಚ್ಚಳವು ಕ್ರಮವಾಗಿ ಪೀಠವಾಯಿತು. ಆದರೆ ಈ ಉಣ್ಣೆಯ ಬಿಲ್ಲೆಗಳನ್ನು ರಾತ್ರಿ ಒಣಗಿಸಿ ಮರುದಿನ ಬೇರೊಬ್ಬರಿಗೆ ಕೊಡುತ್ತಿದ್ದುದರಿಂದ, ಒಬ್ಬನ ಎಂಜಲಿನ ರೋಗವು ಮತ್ತೊಬ್ಬನಿಗೆ ಅಂಟುವ ಸಂಭವವಿದ್ದಿತು. ಸೂಕ್ಷ್ಮಜೀವಿಗಳಿಂದ ರೋಗಗಳು ಹರಡುವುವೆಂಬ ತಿಳಿವಳಿಕೆ ಬೆಳೆಯುತ್ತಿದ್ದ ಆ ಕಾಲದಲ್ಲಿ ಇದು ಸಹ್ಯವಾಗಿ ಉಳಿಯಲಿಲ್ಲ.

೧೮೮೦ರಲ್ಲಿ ಮಾಗ್ಡೆಬುರ್ಗ್ ನಗರದ ಬಳಿಯ ಬುಕಾವ್ ಎಂಬಲ್ಲಿ ಫ್ರೀಡ್ರಿಕ್ ಹಾರ್ನ್ ಎಂಬವನ ಮುದ್ರಣಾಲಯದಲ್ಲಿ ರಟ್ಟನ್ನು ಕತ್ತರಿಸಿ ಅಚ್ಚು ಹಾಕಿದ ಬಿಲ್ಲೆಗಳು ಹೊರಟುವು. ೧೮೯೨ರಲ್ಲಿ ಡ್ರೆಸ್ಡೆನ್ ನಗರದ ರಾಬರ್ಟ್ ಸ್ಪುಟ್ ಎಂಬವನು, ಮರದ ತಿರುಳನ್ನು ನೀರಿನಲ್ಲಿ ಕದಡಿ, ದುಂಡನೆಯ ಅಚ್ಚುಗಳಿಗೆ ಎರೆದು, ರಾತ್ರಿಯೆಲ್ಲ ಒಣಗಿಸಿ ಬಿಲ್ಲೆ ಮಾಡುವ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದನು. ಅವನ ಬಿಲ್ಲೆಯ ವ್ಯಾಸವು ೧೦೭ ಮಿಲಿಮೀಟರ್; ದಪ್ಪವು ೫ ಮಿಲಿಮೀಟರ್. ದಪ್ಪವು ಮುಂದೆ ಬಹಳವಾಗಿ ಇಳಿದರೂ, ದುಂಡುಬಿಲ್ಲೆಗಳಿಗೆ ಆ ೧೦೭ರ ಅಳತೆಯೇ ಇಂದಿಗೂ ರೂಢಿಯಲ್ಲಿದೆ. ೧೯೦೩ರಲ್ಲಿ ಕರಿಯ ಕಾಡು ಎಂಬ ಅರಣ್ಯಪ್ರದೇಶದಲ್ಲಿ, ಮುರ್ಗ್ ನದಿಯ ಕಣಿವೆಯ ವೈಸೆನ್‌ಬಾಖ್ ಗ್ರಾಮದಲ್ಲಿ, ಕಾಸಿಮಿರ್ ಆಟೋ ಕಾಟ್ಸ್ ಎಂಬವನು ಈ ಕೆಲಸವನ್ನು ಕೈಕೊಂಡನು. ಆ ಮನೆತನದವರು ಮೊದಲಿನಿಂದಲೂ ಮರ ಕೊಯ್ಯುವ ವೃತ್ತಿಯವರು. ನದಿಯ ನೀರು, ಗುಡ್ಡದ ಸ್ಪ್ರೂಸ್ ಮರ ಎರಡೂ ಕೈಯಳವಿನಲ್ಲಿದ್ದುದರಿಂದ ಆ ಕಣಿವೆಯು ಲೋಕಕ್ಕೆಲ್ಲ ಬಿಲ್ಲೆಗಳನ್ನು ಒದಗಿಸುವ ಸ್ಥಾನವಾಯಿತು. ಇಂಗ್ಲೆಂಡಿನಲ್ಲಿ ೧೯೨೦ರಲ್ಲಿ ವಾಟ್ನಿ ಕಾರ್ಖಾನೆಯವರು ತಮ್ಮ ಬಿಯರಿನ ಪ್ರಚಾರಕ್ಕಾಗಿ ಇವನ್ನು ಬಳಕೆಗೆ ತಂದರು.

ಬಿಲ್ಲೆಗಳನ್ನು ಕೂಡಿಸುವ ಅಭ್ಯಾಸಕ್ಕೆ ಇಂಗ್ಲಿಷರು ‘ಟೆಜೆಸ್ಟಾಲಜಿ’ ಎಂಬ ಗಂಭೀರವಾದ ಹೆಸರನ್ನು ಕಟ್ಟಿರುವರು. ೧೯೬೦ರಲ್ಲಿ ಅಲ್ಲಿ ಇದಕ್ಕಾಗಿ ಒಂದು ಸಂಘವೂ ಸ್ಥಾಪಿತವಾಯಿತು. ಲ್ಯಾಟಿನಿನಲ್ಲಿ ‘ಟೆಗೆಸ್’ ಎಂದರೆ ಚಾಪೆ. ಮುಚ್ಚು ಎಂಬ ಅರ್ಥದ ‘ಟೆಗೆರೆ’ ಧಾತುವಿನಿಂದ ಅದು ಬಂದುದು. ಸಂಸ್ಕೃತದ ‘ಸ್ಥಗ’ ಧಾತುವು ಅದರ ಸೋದರಿಯೆಂದು ಭಾಷಾಶಾಸ್ತ್ರಜ್ಞರ ಮತ. ಇಲ್ಲಿಯೂ ಮುಚ್ಚಳದ ಅರ್ಥವೇ ಬಂದು ಸೇರಿರುವುದು ಸೋಜಿಗವಲ್ಲವೆ?

೩

ಬಿಲ್ಲೆಯು ಮೇಜನ್ನು ಕಾಯುವುದಲ್ಲದೆ ಲೆಕ್ಕದ ಪುಸ್ತಕವೂ ಆಗಿರುವುದು. ಜರ್ಮನಿಯ ಅನೇಕ ಪಾನಗೃಹಗಳಲ್ಲಿ ಬಡಿಸುವವನು ಒಂದೊಂದು ಬಟ್ಟಲನ್ನು ತಂದಿಡುವಾಗಲೂ ಬಿಲ್ಲೆಯ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಒಂದೊಂದು ಗೀಟು ಎಳೆಯುವನು. ಏಳುವಾಗ ಗೀಟುಗಳನ್ನು ಎಣಿಸಿ ಹಣ ತೆಗೆದುಕೊಳ್ಳುವನು. ಕನ್ನಡನಾಡಿನ ಮನೆಗಳಲ್ಲಿ ಹಾಲಿನವಳ ಲೆಕ್ಕವನ್ನು ಗೋಡೆಯ ಮೇಲೆ ಸುಣ್ಣದ ಗೀಟಿನಿಂದ ಗುರುತಿಡುತ್ತಿದ್ದ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ಆದರೆ ಇದರ ನ್ಯಾಯಶಾಸ್ತ್ರೀಯವಾದ ಪರಿಣಾಮವು ಗಮನಾರ್ಹವಾದುದು. ಗೀಟು ಹಾಕಿದ ಬಿಲ್ಲೆಯು ಜರ್ಮನ್ ದಂಡನೀತಿಯ ದೃಷ್ಟಿಯಲ್ಲಿ ಒಂದು ದಸ್ತಾವೇಜು. ಕುಡಿದವನು ಗುಟ್ಟಾಗಿ ಒಂದು ಗೀಟನ್ನು ಅಳಿಸಿದರೆ ಅದು ಪತ್ರವನ್ನು ತಿದ್ದಿದ ಅಪರಾಧಕ್ಕೆ ಸಮಾನ. ಅಲ್ಲಿಯ ಕಾನೂನು ವಿದ್ಯಾರ್ಥಿಗಳಿಗೆ ದಸ್ತಾವೇಜಿನ ಲಕ್ಷಣವನ್ನು ಕಲಿಸುವಾಗ ಇದೇ ಉದಾಹರಣೆಯನ್ನು ಕೊಡುವುದುಂಟು. ಅಕ್ಷರವಿಲ್ಲ, ಸಹಿಯಿಲ್ಲ, ಮುದ್ರೆಯಿಲ್ಲ. ಆದರೂ ಇಂಥವನು ಇಂಥವನಿಗೆ ಇಷ್ಟು ಸಲ್ಲಿಸಬೇಕೆಂಬ ವಿಷಯವು ಅದರಿಂದ ಸಿದ್ಧವಾಗುವುದರಿಂದ ಅದು ಪತ್ರವೇ ಸರಿ.

ರಾಜಕೀಯದಲ್ಲಿಯೂ ಇದಕ್ಕೊಂದು ಸ್ಥಾನ ದೊರೆತಿದೆ. ೨೦೦೩ರಲ್ಲಿ ಫ್ರೀಡ್ರಿಕ್ ಮೆರ್ಟ್ಸ್ ಎಂಬ ಜರ್ಮನ್ ರಾಜಕಾರಣಿಯು, ಪ್ರಜೆಯು ತನ್ನ ವರಮಾನ ತೆರಿಗೆಯ ಲೆಕ್ಕವನ್ನು ಒಂದು ಬಿಯರ್ ಬಿಲ್ಲೆಯ ಮೇಲೆ ಬರೆಯಬಹುದಾದಷ್ಟು ಸರಳವಾದ ತೆರಿಗೆಯ ಕಾನೂನು ಬೇಕೆಂದು ಸೂಚಿಸಿದನು. ಆತನು ೨೦೨೫ರಲ್ಲಿ ಜರ್ಮನಿಯ ಪ್ರಧಾನಾಧಿಕಾರಿಯಾದನು. ‘ಬಿಲ್ಲೆಯ ಮೇಲಿನ ತೆರಿಗೆ’ ಎಂಬ ಮಾತು ಇಷ್ಟರಲ್ಲೇ ಆ ಭಾಷೆಯ ನಾಣ್ನುಡಿಯಂತಾಗಿತ್ತು.

೪

ಇನ್ನು ಬಿಲ್ಲೆಯ ಮೇಲೆ ಅಚ್ಚಾದ ಹೆಸರಿನ ವಿಚಾರ. ಅದನ್ನು ತಿಳಿಯಬೇಕಾದರೆ ಬಿಯರ್ ಎಂಬ ಪೇಯದ ಸ್ವರೂಪವನ್ನು ಕಿಂಚಿತ್ತಾಗಿ ಅರಿತಿರಬೇಕು. ಜವೆಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ನುಚ್ಚುಮಾಡಿ, ಬಿಸಿನೀರಿನಲ್ಲಿ ಕದಡಿದರೆ ಅದರಲ್ಲಿರುವ ಪಿಷ್ಟವು ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಹಾಪ್ ಎಂಬ ಬಳ್ಳಿಯ ಕಹಿ ಹೂವುಗಳೊಡನೆ ಕುದಿಸಿ, ತಣಿಸಿ, ಯೀಸ್ಟ್ ಎಂಬ ಹುದುಗನ್ನು ಬೆರಸಿದರೆ, ಸಕ್ಕರೆಯು ಒಂದು ಪಾಲು ಮದ್ಯಸಾರವಾಗಿಯೂ ಒಂದು ಪಾಲು ಇಂಗಾಲಾಮ್ಲ ವಾಯುವಾಗಿಯೂ ಪರಿಣಮಿಸುತ್ತದೆ. ಮೊಳಕೆಯ ಧಾನ್ಯದಿಂದ ಮದ್ಯವನ್ನು ಮಾಡುವ ಕ್ರಮವು ಆರ್ಯಾವರ್ತಕ್ಕೆ ಅಪರಿಚಿತವಾಗಿರಲಿಲ್ಲ. ಸೌತ್ರಾಮಣೀ ಯಾಗದ ಸುರೆಗೆ ಮೊಳಕೆಗೊಂಡ ಧಾನ್ಯಗಳು ವಿಹಿತವಾಗಿವೆ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಹುದುಗಿಗೆ ‘ಕಿಣ್ವ’ವೆಂಬ ಹೆಸರನ್ನು ಹೇಳಿರುವನು. ಇಂದಿನ ವಿಜ್ಞಾನಗ್ರಂಥಗಳಲ್ಲಿ ಆ ಶಬ್ದವು ಬೇರೆ ಅರ್ಥದಲ್ಲಿ ಪ್ರಯುಕ್ತವಾಗಿದ್ದರೂ ಮೂಲದಲ್ಲಿ ಅದು ಸುರೆಯ ಹುದುಗೇ. ಬವೇರಿಯದ ದೊರೆಗಳು ೧೫೧೬ರಲ್ಲಿ ಬಿಯರಿಗೆ ಜವೆ, ಹಾಪ್, ನೀರು ಈ ಮೂರರ ಹೊರತು ಬೇರೇನನ್ನೂ ಸೇರಿಸಕೂಡದೆಂದು ಶಾಸನ ಮಾಡಿದಾಗ, ಹುದುಗಿನ ಹೆಸರನ್ನೇ ಎತ್ತಲಿಲ್ಲ. ಅದು ಜೀವವುಳ್ಳ ವಸ್ತುವೆಂಬುದನ್ನು ಸ್ಥಾಪಿಸಲು ಹತ್ತೊಂಬತ್ತನೆಯ ಶತಮಾನದ ಪಂಡಿತರೇ ಬರಬೇಕಾಯಿತು. ಅವರಲ್ಲಿ ಪ್ರಮುಖನಾದ ಲೂಯಿ ಪಾಶ್ಚರನು ಬಿಯರಿನ ಮೇಲೆ ೧೮೭೬ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು.

ಪಿಲ್ಸೆನ್ ಪಟ್ಟಣವನ್ನು ಬೊಹೀಮಿಯದ ದೊರೆಯಾದ ಎರಡನೆಯ ವಾಕ್ಲಾವನು ೧೨೯೫ರಲ್ಲಿ ಸ್ಥಾಪಿಸಿದನು. ಚೆಕ್ ಜನರು ಅದನ್ನು ‘ಪ್ಲ್‌ಜೆನ್’ ಎನ್ನುವರು; ‘ಪಿಲ್ಸೆನ್’ ಎಂಬುದು ಜರ್ಮನರ ಉಚ್ಚಾರಣೆ. ಊರಿನ ಕೆಲವು ನೂರು ಮನೆಗಳಿಗೆ ಬಿಯರ್ ಕಾಯಿಸುವ ಹಕ್ಕು ರಾಜದತ್ತವಾಗಿ ಬಂದಿತು. ಈ ಹಕ್ಕು ವ್ಯಕ್ತಿಗೆ ಸೇರಿದುದಲ್ಲ, ಮನೆಗೆ ಸೇರಿದುದು. ಮನೆಯನ್ನು ಮಾರಿದರೆ ಹಕ್ಕೂ ಅದರೊಡನೆ ಹೋಗುತ್ತಿತ್ತು. ಗ್ರಾಮದ ವೃತ್ತಿಗಳನ್ನೂ ಮಿರಾಸನ್ನೂ ಬಲ್ಲವರಿಗೆ ಈ ವ್ಯವಸ್ಥೆ ಸುಲಭವಾಗಿ ಅರ್ಥವಾಗುವುದು. ಆದರೆ ಹಕ್ಕು ಸ್ಥಿರವಾದಲ್ಲಿ ಜಾಗರೂಕತೆ ಸಡಿಲವಾಗುವುದು ಲೋಕಸ್ವಭಾವ. ಪಿಲ್ಸೆನ್ನಿನ ಬಿಯರು ಒಂದು ವಾರ ಚೆನ್ನಾಗಿದ್ದರೆ ಮರುವಾರ ಹುಳಿಯಾಗಿರುತ್ತಿತ್ತು. ೧೮೩೮ರಲ್ಲಿ ಕುಡಿಯಲು ಅಯೋಗ್ಯವಾದ ೩೬ ಪೀಪಾಯಿ ಬಿಯರನ್ನು ನಗರಸಭಾಭವನದ ಮುಂದೆ ಎಲ್ಲರೂ ನೋಡುವಂತೆ ಚೆಲ್ಲಿಸಲಾಯಿತೆಂದು ಆ ಊರಿನ ಚರಿತ್ರೆ ಹೇಳುತ್ತದೆ.

ಈ ಅವಮಾನವು ವ್ಯರ್ಥವಾಗಲಿಲ್ಲ. ಮರುವರ್ಷವೇ, ಎಂದರೆ ೧೮೩೯ರಲ್ಲಿ, ಹಕ್ಕುದಾರರಾದ ಪೌರರು ಒಂದುಗೂಡಿ ಎಲ್ಲರಿಗೂ ಸೇರಿದ ಒಂದೇ ಕಾರ್ಖಾನೆಯನ್ನು ಕಟ್ಟಲು ನಿಶ್ಚಯಿಸಿದರು. ರಾಡ್ಬುಜಾ ನದಿಯ ದಡದಲ್ಲಿ ಸ್ಥಳವನ್ನು ಆರಿಸಿದರು; ಅಲ್ಲಿ ಮೃದುವಾದ ನೀರೂ, ನೆಲಮಾಳಿಗೆಗಳನ್ನು ತೋಡಲು ತಕ್ಕ ಮರಳುಗಲ್ಲೂ ಇದ್ದುವು. ಮಾರ್ಟಿನ್ ಸ್ಟೆಲ್ಟ್ಸರ್ ಎಂಬ ಶಿಲ್ಪಿಯು ಬೇರೆ ಬೇರೆ ಕಡೆಯ ಕಾರ್ಖಾನೆಗಳನ್ನು ನೋಡಿಬಂದು ಕಟ್ಟಡದ ನಕ್ಷೆಯನ್ನು ಸಿದ್ಧಪಡಿಸಿದನು. ಬಿಯರ್ ಕಾಯಿಸುವುದಕ್ಕೆ ಬವೇರಿಯದ ಫಿಲ್ಸ್‌ಹೋಫೆನ್ ಊರಿನ ಯೋಸೆಫ್ ಗ್ರಾಲ್ ಎಂಬವನನ್ನು ಕರೆಸಿದರು. ಆಗ ಅವನಿಗೆ ಮೂವತ್ತು ವಯಸ್ಸೂ ತುಂಬಿರಲಿಲ್ಲ. ಸ್ವಭಾವವು ಬಹಳ ಒರಟೆಂದು ಪ್ರತೀತಿ. ಆದರೆ ತಳದಲ್ಲಿ ನಿಂತು ತಣ್ಣಗಿನ ಮಾಳಿಗೆಯಲ್ಲಿ ನಿಧಾನವಾಗಿ ಹುಳಿಯುವ ಬವೇರಿಯದ ಹುದುಗಿನ ಮರ್ಮವು ಅವನಿಗೆ ತಿಳಿದಿತ್ತು.

೧೮೪೨ನೆಯ ಅಕ್ಟೋಬರ್ ೫ರಂದು ಗ್ರಾಲನು ಮೊದಲ ಪಾಕವನ್ನು ಕಾಯಿಸಿದನು. ಆವರೆಗೆ ಮೊಳಕೆಯ ಜವೆಯನ್ನು ನೇರವಾದ ಬೆಂಕಿಯ ಹೊಗೆಯಲ್ಲಿ ಒಣಗಿಸುತ್ತಿದ್ದುದರಿಂದ ಬಿಯರಿಗೆ ಕಂದುಬಣ್ಣ ಬರುತ್ತಿತ್ತು. ಇಲ್ಲಿ ಇಂಗ್ಲಿಷರ ರೀತಿಯಂತೆ ಹೊಗೆ ಸೋಂಕದ ಬಿಸಿಗಾಳಿಯಿಂದ ಒಣಗಿಸಿದ ತಿಳಿಬಣ್ಣದ ಜವೆ, ಖನಿಜಾಂಶವು ಅತ್ಯಲ್ಪವಾದ ನೀರು, ಜಾಟೆಟ್ಸ್ ಸೀಮೆಯ ನವುರಾದ ಹಾಪ್, ತಂಪಿನ ಹುದುಗು ಈ ನಾಲ್ಕೂ ಒಂದೆಡೆ ಕೂಡಿದುವು. ಆ ವರ್ಷದ ನವೆಂಬರಿನಲ್ಲಿ ಪೀಪಾಯಿಯನ್ನು ತೆರೆದಾಗ ಹೊರಬಂದ ಬಿಯರು ಹೊಂಬಣ್ಣದ್ದಾಗಿತ್ತು. ಮೇಲೆ ಬೆಳ್ಳಗಿನ ನೊರೆ ನಿಂತಿತ್ತು. ಮಣ್ಣಿನ ಬಟ್ಟಲಿನಲ್ಲಿ ಕಾಣದಿದ್ದ ಬಣ್ಣವು, ಅದೇ ಕಾಲದಲ್ಲಿ ಸುಲಭವಾಗಿ ದೊರೆಯತೊಡಗಿದ್ದ ಬೊಹೀಮಿಯದ ಗಾಜಿನ ಬಟ್ಟಲಿನಲ್ಲಿ ಥಳಥಳಿಸಿತು. ಗ್ರಾಲನಾದರೋ ಹೆಚ್ಚು ಕಾಲ ಅಲ್ಲಿ ನಿಲ್ಲಲಿಲ್ಲ. ೧೮೪೫ರಲ್ಲಿ ಅವನ ಕರಾರು ತೀರಲು, ಅವನು ತನ್ನ ಊರಿಗೆ ಹಿಂದಿರುಗಿದನು. ಅವನು ಬಿಟ್ಟುಬಂದ ಪಾಕವು ಮಾತ್ರ ಲೋಕಸಂಚಾರಕ್ಕೆ ಹೊರಟಿತು.

೫

೧೮೬೨ರ ವೇಳೆಗೆ ಪಿಲ್ಸೆನ್ನಿಗೆ ರೈಲುಮಾರ್ಗವು ಬಂದು, ಒಂದು ಕಡೆ ಪ್ರಾಗ್ ನಗರಕ್ಕೂ ಮತ್ತೊಂದು ಕಡೆ ಬವೇರಿಯಕ್ಕೂ ಸಂಬಂಧವೇರ್ಪಟ್ಟಿತು. ಹೊಂಬಣ್ಣದ ಬಿಯರು ಯುರೋಪಿನ ರಾಜಧಾನಿಗಳಲ್ಲಿ ಪ್ರಸಿದ್ಧವಾಯಿತು. ೧೮೭೦ರ ದಶಕದಲ್ಲಿ ಕಾರ್ಲ್ ಲಿಂಡೆಯ ಶೀತಯಂತ್ರವೂ, ೧೮೮೩ರಲ್ಲಿ ಕೋಪನ್‌ಹೇಗನ್ನಿನ ಎಮಿಲ್ ಹಾನ್ಸೆನ್ ಶುದ್ಧವಾದ ಹುದುಗನ್ನು ಬೇರ್ಪಡಿಸಿ ಬೆಳೆಸಿದ ವಿಧಾನವೂ ಬರಲು, ತಂಪಿನ ಬಿಯರನ್ನು ಯಾವ ದೇಶದಲ್ಲಿ ಬೇಕಾದರೂ, ಯಾವ ಋತುವಿನಲ್ಲಿ ಬೇಕಾದರೂ ಮಾಡುವುದು ಸಾಧ್ಯವಾಯಿತು. ಮಾಡಿದವರೆಲ್ಲರೂ ಅದಕ್ಕೆ ‘ಪಿಲ್ಸ್‌ನರ್’, ಎಂದರೆ ಪಿಲ್ಸೆನ್ನಿನದು, ಎಂಬ ಹೆಸರನ್ನೇ ಇಟ್ಟರು.

ಪಿಲ್ಸೆನ್ನಿನ ಪೌರರು ಸುಮ್ಮನಿರಲಿಲ್ಲ. ೧೮೫೯ರಲ್ಲಿಯೇ ‘ಪಿಲ್ಸ್‌ನರ್ ಬಿಯರ್’ ಎಂಬ ಹೆಸರನ್ನು ತಮ್ಮ ಮುದ್ರೆಯಾಗಿ ದಾಖಲು ಮಾಡಿಸಿದ್ದರು. ಅದು ಸಾಲದೆ ಹೋಗಲು, ೧೮೯೮ರಲ್ಲಿ ಮತ್ತೊಂದು ಹೆಸರನ್ನು ದಾಖಲು ಮಾಡಿಸಿದರು: ಜರ್ಮನಿನಲ್ಲಿ ‘ಪಿಲ್ಸ್‌ನರ್ ಉರ್‌ಕ್ವೆಲ್’, ಚೆಕ್ ಭಾಷೆಯಲ್ಲಿ ‘ಪ್ಲ್‌ಜೆನ್‌ಸ್ಕೀ ಪ್ರಾಜ್ದ್ರೊಯ್’. ಎರಡಕ್ಕೂ ಪಿಲ್ಸೆನ್ನಿನ ಆದಿಮೂಲವಾದ ಚಿಲುಮೆಯೆಂದೇ ಅರ್ಥ. ‘ಪ್ರಾಜ್ದ್ರೊಯ್’ ಎಂಬಲ್ಲಿಯ ‘ಪ್ರಾ’ ಎಂಬುದು ಸಂಸ್ಕೃತದ ‘ಪ್ರ’ ಉಪಸರ್ಗದ ಬಂಧುವೇ. ಸಂಸ್ಕೃತದಲ್ಲಿ ಪಿತಾಮಹನ ತಂದೆಯನ್ನು ಪ್ರಪಿತಾಮಹನೆನ್ನುವಂತೆ, ಚೆಕ್ ಜನರು ತಾತನಿಗೆ ‘ದ್ಯೆದ್’ ಎಂದೂ ಅವನ ತಂದೆಗೆ ‘ಪ್ರಾದ್ಯೆದ್’ ಎಂದೂ ಹೇಳುವರು. ಅವರ ಭಾಷೆಯಲ್ಲಿ ಬಿಯರಿಗಿರುವ ‘ಪಿವೊ’ ಎಂಬ ಹೆಸರೂ ‘ಪಾ ಪಾನೇ’ ಎಂಬ ಧಾತುವಿನ ಕುಲದ್ದೇ. ಕುಡಿಯತಕ್ಕದ್ದೆಂಬುದೇ ಅದರ ಅರ್ಥ.

ಮರುವರ್ಷ, ೧೮೯೯ರಲ್ಲಿ, ಮ್ಯೂನಿಕ್ ನಗರದ ನ್ಯಾಯಾಸ್ಥಾನದಿಂದ ಒಂದು ತೀರ್ಪು ಹೊರಟಿತು. ಅಲ್ಲಿಯ ಥಾಮಸ್ ಸಹೋದರರ ಕಾರ್ಖಾನೆಯವರು ತಮ್ಮ ಬಿಯರನ್ನು ಪಿಲ್ಸ್‌ನರ್ ಎಂದು ಮಾರುತ್ತಿದ್ದುದನ್ನು ಪಿಲ್ಸೆನ್ನಿನವರು ಆಕ್ಷೇಪಿಸಿದ್ದರು. ಆ ಶಬ್ದವು ಇನ್ನು ಹುಟ್ಟಿದ ಊರನ್ನು ಸೂಚಿಸದೆ ಬಿಯರಿನ ಒಂದು ಜಾತಿಯನ್ನು ಮಾತ್ರ ಸೂಚಿಸುತ್ತದೆಂದು ನ್ಯಾಯಾಧೀಶರು ನಿರ್ಣಯಿಸಿದರು. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ, ಯೌಗಿಕವಾಗಿದ್ದ ಶಬ್ದವು ರೂಢವಾಯಿತು. ರೂಢಿಯು ಯೋಗವನ್ನು ಅಪಹರಿಸಿತು. ಕಲ್ಲಿಕೋಟೆಯ ಬಟ್ಟೆಗೆ ಬಂದ ‘ಕ್ಯಾಲಿಕೊ’ ಎಂಬ ಹೆಸರು ಹೀಗೆಯೇ ಇಂಗ್ಲೆಂಡಿನ ಗಿರಣಿಗಳ ಬಟ್ಟೆಗೂ ಸಂದಿತು. ಕಡೆಗೆ ಕಲ್ಲಿಕೋಟೆಯ ನೇಕಾರನಿಗೆ ಆ ಹೆಸರಿನಲ್ಲಿ ಪಾಲೇ ಉಳಿಯಲಿಲ್ಲ. ಬೊಹೀಮಿಯದ ಮತ್ತೊಂದು ಊರಾದ ಬುಡ್‌ವೈಸ್ ಎಂಬುದಕ್ಕೂ ಇಂತಹ ಸಂಕಟವೇ ಒದಗಿತು. ೧೮೭೬ರಲ್ಲಿ ಅಮೆರಿಕದ ಕಾರ್ಖಾನೆಯೊಂದು ‘ಬಡ್‌ವೈಸರ್’ ಎಂಬ ಹೆಸರಿನಲ್ಲಿ ಬಿಯರನ್ನು ಮಾರತೊಡಗಿತು. ೧೮೯೫ರಲ್ಲಿ ಆ ಊರಿನಲ್ಲಿಯೇ ಹುಟ್ಟಿದ ಕಾರ್ಖಾನೆಗೂ ಅಮೆರಿಕದವರಿಗೂ ದೇಶದೇಶಗಳ ನ್ಯಾಯಾಲಯಗಳಲ್ಲಿ ವ್ಯಾಜ್ಯಗಳು ನಡೆದುವು.

ಚೆಕ್ ದೇಶದಲ್ಲಿ ಮಾತ್ರ ಹಳೆಯ ಮರ್ಯಾದೆ ಉಳಿದಿದೆ. ಅಲ್ಲಿ ಬೇರೆ ಊರುಗಳ ಕಾರ್ಖಾನೆಯವರು ತಮ್ಮ ಹೊಂಬಣ್ಣದ ಬಿಯರಿಗೆ ‘ಲೆಜಾಕ್’ ಎಂಬ ಸಾಮಾನ್ಯನಾಮವನ್ನು ಬಳಸುವರೇ ಹೊರತು ಪಿಲ್ಸೆನ್ನಿನ ಹೆಸರನ್ನು ಬಳಸುವುದಿಲ್ಲ.

೬

ಇಪ್ಪತ್ತನೆಯ ಶತಮಾನವು ಈ ಊರಿನ ಮೇಲೆ ಒಂದಾದ ಮೇಲೊಂದು ರಾಜ್ಯವನ್ನು ತಂದು ಹೇರಿತು. ೧೯೧೮ರವರೆಗೆ ಅದು ಆಸ್ಟ್ರಿಯಾ-ಹಂಗೇರಿಯ ಚಕ್ರವರ್ತಿಯ ಊರು; ಬಳಿಕ ಚೆಕೊಸ್ಲೊವಾಕಿಯದ್ದು; ೧೯೩೯ರಿಂದ ಹಿಟ್ಲರನ ಸೈನ್ಯದ ವಶ. ೧೯೪೫ನೆಯ ಏಪ್ರಿಲಿನಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಸುರಿಸಿದ ಬಾಂಬುಗಳಿಂದ ಕಾರ್ಖಾನೆಗೂ ಪೆಟ್ಟು ತಗುಲಿತು. ಮೇ ೬ರಂದು ಅಮೆರಿಕದ ಸೈನ್ಯವು ಪಟ್ಟಣವನ್ನು ಬಿಡುಗಡೆ ಮಾಡಿತು. ಅನಂತರ ಅಲ್ಲಿಯ ಜರ್ಮನ್ ಭಾಷಿಕರನ್ನು ದೇಶದಿಂದ ಹೊರದೂಡಿದರು. ಶತಮಾನಗಳಿಂದ ಎರಡು ಭಾಷೆಗಳಲ್ಲಿ ಮಾತನಾಡುತ್ತಿದ್ದ ಪಟ್ಟಣವು ಒಂದೇ ಭಾಷೆಯದಾಯಿತು. ಕಾರ್ಖಾನೆಯು ಸರ್ಕಾರದ ಸ್ವತ್ತಾಯಿತು. ಮನೆಗಳ ಗೋಡೆಯೊಡನೆ ಅಂಟಿಕೊಂಡು ತಲೆತಲಾಂತರವಾಗಿ ಬಂದಿದ್ದ ಪೌರರ ಹಕ್ಕು ಅಲ್ಲಿಗೆ ಮುಗಿಯಿತು.

೧೯೮೯ರಲ್ಲಿ ಕಮ್ಯೂನಿಸ್ಟರ ಆಡಳಿತವು ಕೊನೆಗೊಂಡ ಬಳಿಕ ಕಾರ್ಖಾನೆಯು ಖಾಸಗಿಯವರ ಕೈಸೇರಿತು. ೧೯೯೯ರಲ್ಲಿ ಅದನ್ನು ದಕ್ಷಿಣ ಆಫ್ರಿಕದ ಬಿಯರ್ ಕಂಪನಿಯೂ, ೨೦೧೭ರಲ್ಲಿ ಜಪಾನಿನ ಅಸಾಹಿ ಕಂಪನಿಯೂ ಕೊಂಡುವು. ೧೮೩೯ರಲ್ಲಿ ಒಂದುಗೂಡಿದ ಪೌರರ ವಂಶಜರಿಗೆ ಇಂದು ಅದರಲ್ಲಿ ಹಕ್ಕುದಾರಿಕೆಯಿಲ್ಲ. ಆದರೂ ಬಿಯರು ಅದೇ ಸ್ಥಳದಲ್ಲಿ, ಅದೇ ನೀರಿನಿಂದ ಆಗುತ್ತಿದೆ. ೧೮೯೨ರಲ್ಲಿ ಐವತ್ತನೆಯ ವರ್ಷದ ಉತ್ಸವಕ್ಕಾಗಿ ಕಟ್ಟಿದ ಎರಡು ಕಮಾನುಗಳ ಮಹಾದ್ವಾರವು ಇನ್ನೂ ನಿಂತಿದೆ.

ಈ ಸಮಸ್ತ ವೃತ್ತಾಂತವೂ ಬಿಲ್ಲೆಗಳಲ್ಲಿ ಸೂಕ್ಷ್ಮವಾಗಿ ಅಂಕಿತವಾಗಿರುವುದು. ಬಿಲ್ಲೆಯ ಮೇಲೆ ಅಚ್ಚಾದ ವರ್ಷವೆಂದರೆ ಸಾಮಾನ್ಯವಾಗಿ ಕಾರ್ಖಾನೆಯು ಸ್ಥಾಪಿತವಾದ ವರ್ಷ; ಬಿಲ್ಲೆಯ ವಯಸ್ಸು ಅದರಿಂದ ತಿಳಿಯುವುದಿಲ್ಲ. ಹೀಗಿರಲು, ಕಾಲವಿಲ್ಲದ ಶಾಸನದ ಕಾಲವನ್ನು ಶಾಸನಜ್ಞರು ಹೇಗೆ ನಿರ್ಣಯಿಸುವರೋ ಹಾಗೆಯೇ ಇದನ್ನೂ ನಿರ್ಣಯಿಸಬೇಕಾಗುವುದು. ಅರಸನ ಬಿರುದಾವಳಿಯ ಸ್ಥಾನದಲ್ಲಿ ಇಲ್ಲಿ ಸಂಸ್ಥೆಯ ಹೆಸರು ಉಂಟು. ಪೌರರ ಕಾರ್ಖಾನೆಯೆಂಬ ಅರ್ಥದ ‘ಬ್ಯುರ್ಗರ್ಲಿಖೆಸ್ ಬ್ರೌಹೌಸ್’ ಎಂಬ ಜರ್ಮನ್ ಹೆಸರಿದ್ದರೆ ಅದು ಎರಡನೆಯ ಮಹಾಯುದ್ಧದ ಕೊನೆಗಿಂತ ಮೊದಲಿನದು. ದೇಶದ ಹೆಸರು ಚೆಕೊಸ್ಲೊವಾಕಿಯ ಎಂದಿದ್ದರೆ ೧೯೯೨ರ ಕೊನೆಗಿಂತ ಈಚಿನದಲ್ಲ. ಲಿಪಿಯ ಸ್ವರೂಪವೂ ಸಾಕ್ಷಿಯಾಗುವುದು: ಮುರಿದ ಮೂಲೆಗಳ ಹಳೆಯ ಜರ್ಮನ್ ಲಿಪಿಯನ್ನು ಸರ್ಕಾರಿ ಬಳಕೆಯಿಂದ ೧೯೪೧ರಲ್ಲಿ ತೆಗೆದುಹಾಕಲಾಯಿತು, ಆ ಬಳಿಕ ಅದು ಅಲಂಕಾರಕ್ಕೆ ಮಾತ್ರ ಉಳಿಯಿತು. ಜರ್ಮನಿಯ ಬಿಲ್ಲೆಗಳಲ್ಲಿ ಅಂಚೆಯ ಅಂಕಿಗಳು ನಾಲ್ಕಿದ್ದರೆ ೧೯೬೦ರ ದಶಕದಿಂದ ೧೯೯೩ರವರೆಗಿನದು. ಐದಿದ್ದರೆ ಅದಕ್ಕಿಂತ ಈಚಿನದು. ದಪ್ಪವಾಗಿ ಒರಟಾಗಿರುವುದು ಹಳೆಯದು. ತೆಳುವಾಗಿ ನುಣುಪಾಗಿರುವುದು ಹೊಸದು. ಎಪಿಗ್ರಾಫಿಯ ಕರ್ನಾಟಿಕಾ ಸಂಪುಟಗಳನ್ನು ಹೊರತಂದ ರೈಸ್ ಸಾಹೇಬರಾಗಲಿ ನರಸಿಂಹಾಚಾರ್ಯರಾಗಲಿ ಹಳ್ಳಿಹಳ್ಳಿಯ ಹೊಲಗದ್ದೆಗಳಲ್ಲಿ ಬಿದ್ದಿದ್ದ ಕಲ್ಲುಗಳಿಗೆ ಪ್ರಯೋಗಿಸಿದ ನ್ಯಾಯವು, ಮೇಜಿನಿಂದ ಬಿದ್ದ ಈ ರಟ್ಟಿಗೂ ಅನ್ವಯಿಸುತ್ತದೆ.

೭

ಈ ಚರಿತ್ರೆಯ ಒಂದು ಕವಲು ಕನ್ನಡನಾಡಿಗೂ ಬಂದು ಮುಟ್ಟಿರುವುದು. ದಕ್ಷಿಣ ಭಾರತದಲ್ಲಿ ಬಿಯರ್ ಕಾರ್ಖಾನೆಗಳು ಆಂಗ್ಲ ಸೈನಿಕರ ಬಾಯಾರಿಕೆಗಾಗಿ ಹುಟ್ಟಿದುವು. ಬೆಂಗಳೂರಿನ ದಂಡುಪ್ರದೇಶದಂತಹ ಸ್ಥಳಗಳಿಗೆ ದೊಡ್ಡ ದೊಡ್ಡ ಪೀಪಾಯಿಗಳು ಎತ್ತಿನ ಗಾಡಿಗಳಲ್ಲಿ ಹೋಗುತ್ತಿದ್ದುವು. ೧೯೧೫ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ಇಂತಹ ಐದು ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಎಂಬ ಸಂಸ್ಥೆಯನ್ನು ಕಟ್ಟಿದನು. ಸ್ವಾತಂತ್ರ್ಯ ಬಂದ ೧೯೪೭ರಲ್ಲಿಯೇ ವಿಠಲ ಮಲ್ಯರು ಅದರ ಮೊದಲನೆಯ ಭಾರತೀಯ ನಿರ್ದೇಶಕರಾದರು. ಮದರಾಸು ಪ್ರಾಂತದಲ್ಲೆಲ್ಲ ಪಾನನಿರೋಧವು ಜಾರಿಗೆ ಬರುತ್ತಿದ್ದ ಕಾಲವದು. ಬೆಂಗಳೂರಿನ ಹಳೆಯ ಕಾರ್ಖಾನೆ ಇದ್ದ ಸ್ಥಳದಲ್ಲಿ ಈಗ ಯುಬಿ ಸಿಟಿ ಎಂಬ ಎತ್ತರದ ಕಟ್ಟಡಗಳೆದ್ದಿವೆ; ಎದುರಿನ ಗ್ರಾಂಟ್ ರಸ್ತೆಗೆ ವಿಠಲ ಮಲ್ಯ ರಸ್ತೆಯೆಂದು ಹೆಸರಾಗಿದೆ. ಸಂಸ್ಥೆಯ ಹಿಡಿತವು ೨೦೨೧ರಲ್ಲಿ ಹಾಲೆಂಡಿನ ಹೈನೆಕನ್ ಕಂಪನಿಗೆ ಸೇರಿತು. ಇಲ್ಲಿಯೂ ಹೆಸರು ಒಂದೆಡೆ, ಹಕ್ಕು ಒಂದೆಡೆ. ಆ ಕಾರ್ಖಾನೆಗಳಿಂದ ಇಂದು ಹೊರಬರುವ ಹೊಂಬಣ್ಣದ ತಂಪಿನ ಬಿಯರಾದರೋ ೧೮೪೨ರ ಪಿಲ್ಸೆನ್ನಿನ ಆ ಪಾಕದ ಸಂತತಿಯೇ.

ಊರಿನ ಹೆಸರು ಯಾರ ಸ್ವತ್ತು ಎಂಬ ಪ್ರಶ್ನೆಯು ಬಿಯರಿಗೆ ಮಾತ್ರ ಸೇರಿದುದಲ್ಲ. ಭಾರತದಲ್ಲಿ ೧೯೯೯ರಲ್ಲಿ ಅಂಗೀಕೃತವಾಗಿ ೨೦೦೩ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಮೈಸೂರು ಮಲ್ಲಿಗೆ, ನಂಜನಗೂಡಿನ ರಸಬಾಳೆ, ಧಾರವಾಡದ ಪೇಡೆ, ಇಳಕಲ್ಲಿನ ಸೀರೆ ಮೊದಲಾದುವುಗಳ ಹೆಸರುಗಳಿಗೆ ರಕ್ಷಣೆ ದೊರೆತಿದೆ. ಪಿಲ್ಸೆನ್ನಿನವರಿಗೆ ೧೮೯೯ರಲ್ಲಿ ದೊರೆಯದೆ ಹೋದುದು ಇದೇ. ಆದರೆ ರಕ್ಷಣೆಯ ಪತ್ರವೊಂದರಿಂದಲೇ ಹೆಸರು ಉಳಿಯುವುದೆಂದು ನಂಬುವಂತಿಲ್ಲ. ರಸಬಾಳೆಯ ತೋಟಗಳು ರೋಗದಿಂದ ಕ್ಷೀಣಿಸಿರುವುದನ್ನು ನಂಜನಗೂಡಿನ ರೈತರು ಬಲ್ಲರು. ಹೆಸರಿಗೆ ಕಾವಲುಂಟು, ಹಣ್ಣು ವಿರಳ. ಪಿಲ್ಸೆನ್ನಿನಲ್ಲಿ ಇದಕ್ಕೆ ವಿಪರ್ಯಾಸ: ಹೆಸರು ಲೋಕದ ಪಾಲಾಯಿತು, ಪದಾರ್ಥವು ಊರಿನಲ್ಲಿಯೇ ಉಳಿಯಿತು. ಎರಡರಲ್ಲಿ ಯಾವ ನಷ್ಟವು ದೊಡ್ಡದೆಂಬುದನ್ನು ವಾಚಕರೇ ವಿವೇಚಿಸಬಹುದು.

ಪಿಲ್ಸೆನ್ನಿನ ಪೌರರು ಚರಿತ್ರೆಯಲ್ಲಿ ಮಾಡಿದ ಅತ್ಯಂತ ಪ್ರಯೋಜನಕರವಾದ ಕೆಲಸವು, ಹೆಸರನ್ನು ದಾಖಲು ಮಾಡಿಸಿದುದಾಗಲಿ ವ್ಯಾಜ್ಯ ಹೂಡಿದುದಾಗಲಿ ಅಲ್ಲ. ತಾವೇ ಮಾಡಿದ ಕೆಟ್ಟ ಬಿಯರನ್ನು ಹಾಡಹಗಲಿನಲ್ಲಿ ಬೀದಿಗೆ ಚೆಲ್ಲಿದುದು. ಮುಂದೆ ಗಳಿಸಿದುದೆಲ್ಲವೂ ಆ ೩೬ ಪೀಪಾಯಿಗಳ ನಷ್ಟದಿಂದ ಹುಟ್ಟಿತು. ಬಿಲ್ಲೆಗಳ ಮೇಲೆ ೧೮೪೨ ಎಂಬ ವರ್ಷವೇ ಅಚ್ಚಾಗಿ ಬರುತ್ತಿದ್ದರೂ, ಆ ವರ್ಷದ ಹಿಂದೆ ೧೮೩೮ ಎಂಬುದೊಂದು ಇದ್ದಿತೆಂಬುದನ್ನು ತಿಳಿದು ಓದುವವನೇ ಅದನ್ನು ಪೂರ್ಣವಾಗಿ ಓದಿದವನು.